ಬಣ್ಣ ಬಿಟ್ಟ ಬೆಟ್ಟ

ಬೆಟ್ಟ-ಕಾಡುಗಳ ಕಪ್ಪುಬಿಳುಪು ಛಾಯಾಚಿತ್ರಗಳನ್ನು ಮೆಚ್ಚುವವರು ಅವುಗಳ ಸಂಯಮವನ್ನು ಕೊಂಡಾಡುವುದುಂಟು. ಬಣ್ಣವನ್ನು ತ್ಯಜಿಸಿ ಬೆಳಕನ್ನಷ್ಟೇ ಉಳಿಸಿಕೊಳ್ಳುವುದು ಒಂದು ಬಗೆಯ ಅಪರಿಗ್ರಹವೆಂದು ನಾನೂ ಹೇಳುತ್ತಿದ್ದೆ. ಸಂಡೂರಿನ ಎಂ. ವೈ. ಘೋರ್ಪಡೆಯವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ (1983) ಗ್ರಂಥವನ್ನು ಈಚೆಗೆ ಮತ್ತೆ ತೆರೆದಾಗ ಆ ಮಾತನ್ನು ತಿದ್ದಿಕೊಳ್ಳಬೇಕೆನಿಸಿತು.

ಘೋರ್ಪಡೆಯವರು (1931–2011) ರಾಜಮನೆತನದವರು. 1970ರ ದಶಕದಲ್ಲಿ ರಾಜ್ಯದ ಅರ್ಥಸಚಿವರಾಗಿದ್ದವರು. ಬೇಟೆಯನ್ನು ಕುಲದ ಹೆಮ್ಮೆಯೆಂದು ಎಣಿಸುತ್ತಿದ್ದ ವರ್ಗದಲ್ಲಿ ಹುಟ್ಟಿ ಕ್ಯಾಮೆರಾ ಹಿಡಿದದ್ದು ಅಹಿಂಸೆಯನ್ನು ನಂಬಿದ ನಮಗೆ ಸಂತೋಷದ ಸಂಗತಿಯೇ. ಬೆಳಕಿಗಾಗಿ ಕಾಯುವ ತಾಳ್ಮೆ, ಪ್ರಾಣಿಯನ್ನು ಬೆದರಿಸದ ಅಂತರ, ಇವೆರಡೂ ಅವರ ಚಿತ್ರಗಳ ನಿಜವಾದ ಗುಣ.

ಆದರೆ ಈ ಕಣ್ಣು ಬೆಳೆದ ಸಂಡೂರಿನ ಬೆಟ್ಟಗಳ ಮಣ್ಣು ಕೆಂಪು. ಆ ಕೆಂಪು ಕಬ್ಬಿಣದ ಅದಿರಿನದು. ಅವರ ಮನೆತನದ ಕಂಪನಿಯೇ 1950ರ ದಶಕದಿಂದ ಅಲ್ಲಿ ಅದಿರು ತೆಗೆಯುತ್ತ ಬಂದಿದೆ. ಕಪ್ಪುಬಿಳುಪು ಫಿಲ್ಮಿನಲ್ಲಿ ಕೆಮ್ಮಣ್ಣೂ ಹಸಿರೆಲೆಯೂ ಹತ್ತಿರಹತ್ತಿರದ ಬೂದು ಬಣ್ಣಗಳಾಗಿಬಿಡುತ್ತವೆ. ಮಸೂರದ ಮುಂದೆ ಕೆಂಪು ಫಿಲ್ಟರ್ ಇಟ್ಟರೆ ಕೆಂಪು ಬೆಳ್ಳಗಾಗುತ್ತದೆ, ನೀಲಿ ಆಕಾಶ ಕಪ್ಪಾಗುತ್ತದೆ. ಅಮೆರಿಕದ ಆನ್ಸೆಲ್ ಆಡಮ್ಸ್ 1927ರಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಫಿಲ್ಟರಿನಲ್ಲಿ ತೆಗೆದು, ತೃಪ್ತಿಯಾಗದೆ, ಕೆಂಪಿನಲ್ಲಿ ತೆಗೆದ. ಹಗಲಿನ ಆಕಾಶ ಇರುಳಾಯಿತು. ಅದೇ ಪ್ರಸಿದ್ಧವಾದ ಚಿತ್ರ. ಎಂದಮೇಲೆ ಈ ಕಲೆ ಬಣ್ಣವನ್ನು ತ್ಯಜಿಸುವುದಿಲ್ಲ. ಯಾವುದನ್ನು ತೋರಬೇಕು, ಯಾವುದನ್ನು ಅಡಗಿಸಬೇಕು ಎಂದು ಆರಿಸುತ್ತದೆ. ಅದು ಪ್ರಮಾಣವಲ್ಲ, ಒಂದು ನಯ. ನಯವೆಂದು ತಿಳಿದು ನೋಡಿದರೆ ದೋಷವಿಲ್ಲ. ಅದನ್ನೇ ಪೂರ್ಣ ಬೆಟ್ಟವೆಂದು ಭಾವಿಸಿದರೆ ದುರ್ನಯ.

ಚಿತ್ರಕ್ಕೆ ಫಲವೂ ಉಂಟು. ಸಿಯೆರಾ ನೆವಾಡ ಪರ್ವತಗಳನ್ನು ಕುರಿತ ಆಡಮ್ಸ್‌ನ 1938ರ ಗ್ರಂಥವು ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದ (1940) ಪರವಾದ ವಾದಕ್ಕೆ ಬಲಕೊಟ್ಟಿತು. ನಮ್ಮ ಬಳ್ಳಾರಿಯಲ್ಲಿ ಗಣಿಗಾರಿಕೆಗೆ ತಡೆ ಬಿದ್ದದ್ದು 2011ರಲ್ಲಿ, ಅದೂ ಸುಪ್ರೀಂ ಕೋರ್ಟಿನಿಂದ.

ಜೈನಾಗಮವು ಮಣ್ಣಿನಲ್ಲಿಯೂ ಪೃಥ್ವೀಕಾಯಿಕ ಜೀವಗಳನ್ನು ಕಾಣುತ್ತದೆ. ನೆಲವನ್ನು ಅಗೆದು ಒಡೆದು ಬದುಕುವ ಸ್ಫೋಟಜೀವಿಕೆಯನ್ನು ಹದಿನೈದು ಖರಕರ್ಮಗಳಲ್ಲಿ ಎಣಿಸಿ ಶ್ರಾವಕನಿಗೆ ನಿಷೇಧಿಸಿದೆ. ಇದನ್ನು ಘೋರ್ಪಡೆಯವರ ಮೇಲಿನ ಆರೋಪವೆಂದು ಓದುಗರು ತಿಳಿಯಬಾರದು. ಹುಳಿಮಾವಿನ ನಮ್ಮ ಮನೆಗೆ ಗ್ರಾನೈಟ್ ಹಾಸಿಸುವಾಗ ನಾನು ಚೌಕಾಶಿ ಮಾಡಿದ್ದು ದರವನ್ನು ಮಾತ್ರ. ಕಲ್ಲು ಯಾವ ಬೆಟ್ಟದ್ದೆಂದು ಕೇಳಲಿಲ್ಲ.

ವನ್ಯಜೀವಿಗಳ ಪುಸ್ತಕದಲ್ಲಿ ಗಣಿಯನ್ನು ಹುಡುಕುವುದು ನ್ಯಾಯವಲ್ಲ, ಒಪ್ಪುತ್ತೇನೆ. ಆದರೂ ಆನೆಯ ಮುಂದೆ ಅಷ್ಟು ತಾಳ್ಮೆಯಿಂದ ನಿಂತ ಆ ಕಣ್ಣು, ಅಗೆದ ಬೆಟ್ಟದ ಮುಂದೆಯೂ ಒಂದು ಮುಂಜಾವು ಹಾಗೆಯೇ ಕಾದು ನಿಂತು ತೆಗೆದ ಚಿತ್ರವನ್ನು ನೋಡಬೇಕೆಂಬ ಆಸೆ ನನಗಿದೆ.