ಗೋದಲಿಯ ಮುಂದೆ ಯಾರ ಧಾಟಿ?

ಡಿಸೆಂಬರ್ ಎಂದರೆ ಕನಕಪುರ ಸೀಮೆಯಲ್ಲಿ ರಾಗಿ ಕೊಯ್ಲು ಮುಗಿದು ಮೆದೆ ಏಳುವ ಕಾಲ, ಅವರೆಕಾಯಿಯ ಸೊಗಡು ಸಂತೆಯ ತುಂಬ ಹರಡುವ ಕಾಲ. ಅರ್ಕಾವತಿ ದಂಡೆಯ ಹಾರೋಬೆಲೆಯಂಥ ಕ್ರೈಸ್ತರ ಊರಿನಲ್ಲಿ ಇದೇ ಹೊತ್ತಿಗೆ ಗೋದಲಿ ಕಟ್ಟುವ ಸಡಗರ, ಗಾನವೃಂದದ ತಾಲೀಮು. ಈ ವರ್ಷ ಹೊಸ ಹಾಡು ಬೇಕೇ ಬೇಕು ಎಂಬ ಹಟ ಯುವಕರದು. ಹಟ ಒಳ್ಳೆಯದೇ. ಆದರೆ ಆ ಹಾಡುಗಳನ್ನು ಕೂತು ಕೇಳಿ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಹೇಳುವವರು ಸಿಗುವುದಿಲ್ಲ. ಭಕ್ತಿಯ ಹಾಡಿಗೆ ವಿಮರ್ಶೆ ಏಕೆ ಎನ್ನುತ್ತಾರೆ. ಭಕ್ತಿಯ ಹಾಡಾದ್ದರಿಂದಲೇ ಅದನ್ನು ಬಿಗಿಯಾಗಿ ನೋಡಬೇಕು ಎಂಬುದು ನನ್ನ ನಿಲುವು. ಸಿನಿಮಾ ಹಾಡು ಮರೆತುಹೋಗುತ್ತದೆ. ಹಬ್ಬದ ಹಾಡು ಮಕ್ಕಳ ಬಾಯಿಗೆ ದಾಟಿ ಅಲ್ಲೇ ಉಳಿಯುತ್ತದೆ.

ಮೊದಲ ತೊಡಕು ಧಾಟಿಯದು. ಕ್ರಿಸ್‌ಮಸ್ ರಾತ್ರಿ ನಮ್ಮ ಕಡೆ ಕೇಳಿಬರುವ ಹಾಡುಗಳಲ್ಲಿ ದೊಡ್ಡ ಪಾಲು ಇಂಗ್ಲಿಷ್ ಕ್ಯಾರಲ್‌ಗಳ ಧಾಟಿಯದು, ಇಲ್ಲವೇ ಸಿನಿಮಾದ್ದು. ‘ಸೈಲೆಂಟ್ ನೈಟ್’ ಅನ್ನೇ ನೋಡಿ. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡೋರ್ಫ್ ಎಂಬ ಸಣ್ಣ ಊರಿನಲ್ಲಿ ಅದನ್ನು ಮೊದಲು ಹಾಡಿದ್ದು. ಯೋಸೆಫ್ ಮೋರ್ ಎಂಬ ಯುವ ಪಾದ್ರಿಯ ಜರ್ಮನ್ ಪದ್ಯಕ್ಕೆ ಫ್ರಾಂಟ್ಸ್ ಗ್ರೂಬರ್ ಎಂಬ ಶಾಲಾ ಮೇಷ್ಟ್ರು ರಾಗ ಕೂಡಿಸಿದರು. ತಮ್ಮ ಊರಿನ ಜನ ತಮ್ಮ ಮಾತಿನಲ್ಲಿ ಹಾಡಲಿ ಎಂದು ಕಟ್ಟಿದ ಹಾಡು ಅದು. ಅದರ ಧಾಟಿಯಲ್ಲಿ ಮೊದಲ ಅಕ್ಷರ ಎರಡು ಎಣಿಕೆ ಎಳೆಯುತ್ತದೆ, ಎರಡನೆಯದು ಒಂದು, ಮೂರನೆಯದು ಮೂರು. ಜರ್ಮನ್ನಿನಲ್ಲಿ ಒತ್ತು ಬೀಳುವ ಅಕ್ಷರ ಸರಿಯಾಗಿ ಆ ಎಳೆತದ ಮೇಲೆ ಕೂರುತ್ತದೆ. ಕನ್ನಡದಲ್ಲಿ ಲಘುವನ್ನು ಎಳೆದರೆ ಶಬ್ದವೇ ಬೇರೆಯಾಗುತ್ತದೆ. ಆ ಜಾಗದಲ್ಲಿ ‘ಮಗು’ ಇಟ್ಟರೆ ಕಿವಿಗೆ ಬೀಳುವುದು ‘ಮಾಗು’. ‘ಕುರಿ’ ಇಟ್ಟರೆ ‘ಕೂರಿ’. ನಮ್ಮ ಜೋಗುಳದಲ್ಲೂ ಎಳೆತ ಉಂಟು, ಆದರೆ ಅದು ಬಹುತೇಕ ಸಾಲಿನ ಕೊನೆಗೆ, ಮಾತು ಕಿವಿಗೆ ಮುಟ್ಟಿದ ಮೇಲೆ. ಕ್ಯಾರಲ್ ಧಾಟಿಗೆ ಪದ ಹೊಂದಿಸುವವರು ಇದನ್ನು ಗಮನಿಸದೆ ಅಕ್ಷರಗಳನ್ನು ಎಣಿಸುತ್ತಾರೆ, ಮಾತ್ರೆಗಳನ್ನು ಎಣಿಸುವುದಿಲ್ಲ. ಹಾಡುವವರಿಗೆ ಅರ್ಥ ಗೊತ್ತಿರುತ್ತದೆ, ಕೇಳುವವರಿಗೆ ಬರೀ ಸ್ವರ ಉಳಿಯುತ್ತದೆ.

ಇದನ್ನು ಒಬ್ಬ ಜರ್ಮನ್ ಮನುಷ್ಯ ನಮಗಿಂತ ಮೊದಲೇ ಅರಿತಿದ್ದರು ಎಂಬುದು ನೆನಪಿಗೆ ಬರುತ್ತದೆ. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ ಯೇಸುವಿನ ಕಥೆಯನ್ನು 1862ರಲ್ಲಿ ‘ಕಥಾಮಾಲೆ’ಯಾಗಿ ಇಲ್ಲಿಯ ಪದ್ಯರೀತಿಯಲ್ಲೇ ಕಟ್ಟಿದರು. ಮುಂದೆ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಅಚ್ಚು ಹಾಕಿಸಿದವರೂ ಅವರೇ. ನಿಘಂಟಿನ ಕಿಟೆಲ್ ಎಲ್ಲರಿಗೂ ಗೊತ್ತು, ಛಂದಸ್ಸಿನ ಕಿಟೆಲ್ ನಮ್ಮ ಗಾನವೃಂದಗಳಿಗೆ ಗೊತ್ತಾಗಬೇಕು. ಕಥೋಲಿಕ ಸಭೆಯ ಮಟ್ಟಿಗಂತೂ ಅಪ್ಪಣೆಯೇ ಇದೆ: ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಹೊರಡಿಸಿದ ಆರಾಧನಾವಿಧಿಯ ದಸ್ತಾವೇಜು, ಜನರಿಗೆ ತಮ್ಮದೇ ಸಂಗೀತ ಪರಂಪರೆ ಇರುವ ಕಡೆ ಅದಕ್ಕೆ ತಕ್ಕ ಜಾಗ ಕೊಡಬೇಕು ಎಂದು ಹೇಳಿತು. ಅರವತ್ತು ವರ್ಷ ದಾಟಿದೆ. ಪೂಜೆ ಕನ್ನಡಕ್ಕೆ ಬಂತು. ಧಾಟಿ ಅರ್ಧ ದಾರಿಯಲ್ಲೇ ನಿಂತಿದೆ.

ಸಿನಿಮಾ ಧಾಟಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದೇ ತಿಂಗಳು ಅಯ್ಯಪ್ಪನ ಮಾಲೆ ಹಾಕಿದವರ ಭಜನೆಯಲ್ಲೂ ಅದೇ ನಡೆಯುತ್ತದೆ. ಕೇಳಿದವರ ಮನಸ್ಸು ದೇವರ ಕಡೆ ಹೋಗುವ ಮುಂಚೆ ಸಿನಿಮಾದ ಕಡೆ ಹೋಗಿರುತ್ತದೆ.

ಎರಡನೆಯ ತೊಡಕು ಮಾತಿನದು, ನನಗೆ ಹೆಚ್ಚು ನೋವು ಕೊಡುವುದು ಇದೇ. ಲೂಕನ ಸುವಾರ್ತೆಯಲ್ಲಿ ಸುದ್ದಿ ಮೊದಲು ಮುಟ್ಟುವುದು ರಾತ್ರಿ ಹೊಲದಲ್ಲಿ ಮಂದೆ ಕಾಯುತ್ತಿದ್ದ ಕುರುಬರಿಗೆ. ಮಾಗಡಿ, ಕನಕಪುರದ ಕಡೆ ಕೊಯ್ಲಾದ ಹೊಲಕ್ಕೆ ಕುರಿಮಂದೆ ತಂದು ರಾತ್ರಿ ತಂಗಿಸುವುದು, ಗೊಬ್ಬರಕ್ಕೆ ಪ್ರತಿಯಾಗಿ ಮಂದೆಯವರಿಗೆ ಕಾಳು ಕೊಡುವುದು ಹಳೆಯ ರೂಢಿ. ಕಂಬಳಿ ಹೊದ್ದು, ಬೆಂಕಿ ಹಾಕಿಕೊಂಡು, ನರಿ ತೋಳದ ಭಯಕ್ಕೆ ನಾಯಿಯನ್ನು ಪಕ್ಕದಲ್ಲಿ ಮಲಗಿಸಿಕೊಂಡು ಬೆಳಗು ಮಾಡುವ ಆ ಜನರನ್ನು ಕಂಡವರಿಗೆ ಬೆತ್ಲೆಹೇಮಿನ ಹೊಲ ದೂರದ್ದಲ್ಲ. ಇಷ್ಟು ಹತ್ತಿರದ ಚಿತ್ರವನ್ನು ಬಿಟ್ಟು ನಮ್ಮ ಹೊಸ ಹಾಡು ಹಿಮ ಬೀಳುವ ಇರುಳನ್ನೂ ಗಂಟೆ ಕಟ್ಟಿದ ಜಾರುಬಂಡಿಯನ್ನೂ ಹಾಡುತ್ತದೆ. ‘ಜಿಂಗಲ್ ಬೆಲ್ಸ್’ 1857ರಲ್ಲಿ ಅಮೆರಿಕದಲ್ಲಿ ಅಚ್ಚಾದಾಗ ಅದರಲ್ಲಿ ಕ್ರಿಸ್‌ಮಸ್ಸಿನ ಹೆಸರೇ ಇರಲಿಲ್ಲ. ಅದು ಹಿಮದಲ್ಲಿ ಸವಾರಿ ಹೋಗುವ ಮೋಜಿನ ಹಾಡು, ಅಷ್ಟೆ.

ಚಳಿಗಾಲದ ಹಬ್ಬಕ್ಕೆ ಹೊಸ ಹಾಡು ಕಟ್ಟುವ ಪಾಡು ಕ್ರೈಸ್ತರದು ಮಾತ್ರವಲ್ಲ. ಯಹೂದಿಗಳು ಎಂಟು ರಾತ್ರಿ ದೀಪ ಹಚ್ಚಿ ಆಚರಿಸುವ ಹನುಕ್ಕಾಕ್ಕೂ ಇದೇ ಪ್ರಶ್ನೆ ಎದುರಾಗಿತ್ತು. ಅವರ ಹೆಸರಾಂತ ಹಬ್ಬದ ಹಾಡಾದ ‘ಮಾಓಜ್ ತ್ಸೂರ್’ ಮಧ್ಯಯುಗದ್ದು. ಇಂದು ಎಲ್ಲರೂ ಹಾಡುವ ಅದರ ಧಾಟಿ ಜರ್ಮನ್ ಹಾಡುಗಳಿಂದ ಬಂದದ್ದು. ಸಾಲದ ಧಾಟಿಯೂ ಒಂದು ಜನಾಂಗದ್ದೇ ಆಗಿಬಿಡಬಹುದು ಎಂಬುದಕ್ಕೆ ಅದು ಸಾಕ್ಷಿ, ಒಪ್ಪುತ್ತೇನೆ. 1940ರ ದಶಕದ ಕೊನೆಗೆ ಅಮೆರಿಕದ ಜನಪದ ಗಾಯಕ ವುಡಿ ಗತ್ರಿ ಹೊಸ ಹನುಕ್ಕಾ ಹಾಡುಗಳನ್ನು ಬರೆದರು. ಅವರು ಯಹೂದಿಯಲ್ಲ, ಆದರೆ ಅತ್ತೆ ಅಲೀಜಾ ಗ್ರೀನ್‌ಬ್ಲಾಟ್ ಯಿಡ್ಡಿಷ್ ಕವಯಿತ್ರಿ, ಇದ್ದ ಮನೆ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ. ಹಬ್ಬದ ಹಿಂದಿರುವ ಯುದ್ಧದ ಚರಿತ್ರೆಯನ್ನು ಉದ್ದಕ್ಕೆ ಹೇಳುವ ಅವರ ‘ದ ಮೆನಿ ಆ್ಯಂಡ್ ದ ಫ್ಯೂ’ ನನಗೆ ಭಾರವೆನಿಸುತ್ತದೆ. ಮಕ್ಕಳ ಕುಣಿತ, ಕೈಗೆ ಬೀಳುವ ಹಬ್ಬದ ಕಾಸು, ದೀಪ ಇವನ್ನಷ್ಟೇ ಹಿಡಿದ ಸಣ್ಣ ಹಾಡುಗಳು ಮಾತ್ರ ಜೀವಂತವಾಗಿವೆ. ಅವುಗಳಲ್ಲಿ ಎಷ್ಟೋ ಹಾಡುಗಳು ಸ್ವರವಿಲ್ಲದೆ ಕಾಗದದಲ್ಲೇ ಉಳಿದಿದ್ದವು. ಯಿಡ್ಡಿಷ್ ಸಂಗೀತದಲ್ಲಿ ಪಳಗಿದ ಕ್ಲೆಜ್ಮ್ಯಾಟಿಕ್ಸ್ ತಂಡ ಅವಕ್ಕೆ ಧಾಟಿ ಕೂಡಿಸಿ 2006ರಲ್ಲಿ ಆಲ್ಬಂ ತಂದಿತು. ಹೊರಗಿನವನ ಮಾತು ಒಳಗಿನವರ ಧಾಟಿ ಸಿಕ್ಕಿ ಮನೆಯ ಹಾಡಾಯಿತು. ನಮ್ಮಲ್ಲಿ ಆಗುತ್ತಿರುವುದು ತಿರುಗುಮುರುಗು.

ಹೊರಗಿನದನ್ನು ಮುಟ್ಟಲೇಬಾರದು ಎಂಬ ವಾದ ನನ್ನದಲ್ಲ. ಬಾವಾಸ್ ಮಿಯಾನ್ ಮರದ ಗೊಂಬೆ ಮಾಡುವ ಜಪಾನಿನ ಕಸುಬನ್ನು ಕಲಿತು ತಂದರು ಎಂದು ಗೊಂಬೆಗಳ ಊರು ಚನ್ನಪಟ್ಟಣ ಇಂದಿಗೂ ನೆನೆಯುತ್ತದೆ. ಗೊಂಬೆಯ ಮರ ಮಾತ್ರ ಇಲ್ಲಿಯ ಆಲೆಮರವೇ. ನಾಲ್ಕು ದನಿ ಕೂಡಿಸಿ ಹಾಡುವ ಪಶ್ಚಿಮದ ಕ್ರಮ ನಿಜಕ್ಕೂ ಚೆಲುವಾದದ್ದು, ತರಬೇತಾದ ಗಾನವೃಂದ ಅದನ್ನು ಬಿಡಬೇಕಾಗಿಲ್ಲ. ಹಾಗೆಯೇ ‘ಜನಪದ ಶೈಲಿ’ ಎಂದು ಹೆಸರಿಟ್ಟ ಮಾತ್ರಕ್ಕೆ ಹಾಡು ನಮ್ಮದಾಗುವುದಿಲ್ಲ. ಕೀಬೋರ್ಡಿನ ಗುಂಡಿ ಒತ್ತಿ ತಮಟೆಯ ಸದ್ದು ಬರಿಸಿ, ನಡುನಡುವೆ ತಂದಾನ ಸೇರಿಸಿದ ಹಾಡು ಕ್ಯಾರಲ್‌ಗಿಂತಲೂ ಪರಕೀಯ. ಗೆದ್ದಿರುವುದು ಜೋಗುಳದ ಜಾಡು ಹಿಡಿದ ಹಾಡುಗಳು. ಅಲ್ಲಿ ದೇವಕುಮಾರ ತೊಟ್ಟಿಲ ಕೂಸಾಗಿಯೇ ಬರುತ್ತಾನೆ, ಮರಿಯಮ್ಮ ಚಳಿಗೆ ಸೆರಗು ಹೊದಿಸುವ ತಾಯಿಯಾಗುತ್ತಾಳೆ, ಧಾಟಿ ಕಲಿಸದೆಯೇ ಜನರ ಬಾಯಿಗೆ ಬರುತ್ತದೆ.

ಬೇಕಾದ ಸರಕು ದೂರದಲ್ಲಿಲ್ಲ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಬಳಿ ಮೈಸೂರು ರಸ್ತೆಯಲ್ಲೇ ಇದೆ. ಸೋಬಾನೆ, ಕೋಲಾಟದ ಪದ, ತತ್ವಪದ ಎಲ್ಲವೂ ಈ ಸೀಮೆಯ ಬಾಯಲ್ಲಿ ಇನ್ನೂ ಇವೆ. ಹಾರೋಬೆಲೆಯವರಂತೂ ಕ್ರಿಸ್ತನ ಯಾತನೆಯ ಕಥೆಯನ್ನು ತಲೆಮಾರುಗಳಿಂದ ತಾವೇ ವೇಷ ಕಟ್ಟಿ ಆಡಿಕೊಂಡು ಬಂದವರು. ಸಾವಿನ ಕಥೆಯನ್ನು ಊರಿನದಾಗಿ ಮಾಡಿಕೊಂಡವರಿಗೆ ಹುಟ್ಟಿನ ಕಥೆ ಕಷ್ಟವಾಗಬಾರದು. ಮದುವೆ ಮನೆಯಲ್ಲಿ ಸೋಬಾನೆ ಹಾಡುವ ಅಜ್ಜಿಯರು ಭಾನುವಾರದ ಪೂಜೆಗೂ ಬರುತ್ತಾರೆ, ಹಿಂದಿನ ಸಾಲಿನಲ್ಲಿ ಕೂರುತ್ತಾರೆ, ಗಾನವೃಂದ ಅವರನ್ನು ಒಂದು ಮಾತೂ ಕೇಳುವುದಿಲ್ಲ. ಮುಂದಿನ ಆಗಮನ ಕಾಲದ ತಾಲೀಮಿಗೆ ಮೊದಲು ಅವರನ್ನು ಕರೆಯಲಿ. ಬರೆದ ಪದವನ್ನು ಅವರ ಬಾಯಲ್ಲಿ ಹಾಡಿಸಿ, ಎಲ್ಲಿ ತಡೆಯುತ್ತದೋ ಅಲ್ಲಿ ತಿದ್ದಲಿ. ಕೀಬೋರ್ಡಿನ ಪ್ಲಗ್ ಹಾಕುವುದು ಆಮೇಲೆ.