ಹೇಬಿಯಸ್ ಕಾರ್ಪಸ್ ಮೊಕದ್ದಮೆಯ ಭಿನ್ನತೀರ್ಪು : ಒಂದು ವಿಮರ್ಶೆ

ಜಬಲ್ಪುರದ ಜಿಲ್ಲಾಧಿಕಾರಿಗಳ ಪಕ್ಷಕ್ಕೂ ಶಿವಕಾಂತ ಶುಕ್ಲರಿಗೂ ನಡೆದ ವ್ಯಾಜ್ಯದಲ್ಲಿ ಭಾರತದ ಸುಪ್ರೀಂ ಕೋರ್ಟು ೧೯೭೬ನೆಯ ಏಪ್ರಿಲ್ ೨೮ರಂದು ಕೊಟ್ಟ ತೀರ್ಪು, ಪ್ರಜೆಯ ಸ್ವಾತಂತ್ರ್ಯಕ್ಕೆ ಮೂಲವಾವುದೆಂಬ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ ಲೇಖವಾಗಿರುವುದು. ೧೯೭೫ನೆಯ ಜೂನ್ ತಿಂಗಳಲ್ಲಿ ತುರ್ತುಪರಿಸ್ಥಿತಿಯು ಘೋಷಿತವಾಗಲು, ರಾಜ್ಯಾಂಗದ ೧೪, ೨೧, ೨೨ನೆಯ ವಿಧಿಗಳ ಹಕ್ಕುಗಳಿಗಾಗಿ ನ್ಯಾಯಸ್ಥಾನದ ಮೊರೆಹೋಗುವುದನ್ನು ರಾಷ್ಟ್ರಪತಿಗಳ ಆಜ್ಞೆಯು ತಡೆಯಿತು. ಆದರೂ, ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರ ಅರ್ಜಿಗಳನ್ನು ಕೇಳಬಹುದೆಂದು ಹಲವು ಹೈಕೋರ್ಟುಗಳು ನಿರ್ಣಯಿಸಿದ್ದುವು. ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ದಂಡವತೆ ಮೊದಲಾದವರ ವಿಷಯದಲ್ಲಿ ಕರ್ನಾಟಕದ ಹೈಕೋರ್ಟಿನ ಮತವೂ ಹಾಗೆಯೇ ಇದ್ದಿತು.

ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಇದನ್ನು ಒಪ್ಪಲಿಲ್ಲ. ಜೀವ ಸ್ವಾತಂತ್ರ್ಯಗಳಿಗೆ ೨೧ನೆಯ ವಿಧಿಯೊಂದೇ ನೆಲೆ. ಆ ಬಾಗಿಲು ಮುಚ್ಚಿದ ಮೇಲೆ ತಟ್ಟಲು ಬೇರೆ ಬಾಗಿಲಿಲ್ಲ ಎಂಬುದು ಅವರ ವಾದದ ಸಾರ. ತರ್ಕವೇನೋ ಅಚ್ಚುಕಟ್ಟಾದುದೇ; ಆದರೆ ಅದು ಎಲ್ಲಿಗೆ ಒಯ್ಯುವುದೆಂಬುದು ವಿಚಾರಣೆಯಲ್ಲಿಯೇ ಬಯಲಾಗಿದ್ದಿತು. ಪೋಲೀಸಿನವನೊಬ್ಬನು ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೆ ಎಂದು ನ್ಯಾಯಮೂರ್ತಿ ಖನ್ನಾ ಅವರು ಕೇಳಲು, ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲವೆಂದು ಸರ್ಕಾರದ ಪರವಾಗಿ ಉತ್ತರ ಬಂದಿತು. ಬಹುಮತದವರು ಆಧಾರವಾಗಿ ಹಿಡಿದ ಇಂಗ್ಲೆಂಡಿನ ಲಿವರ್ಸಿಡ್ಜ್ ಮೊಕದ್ದಮೆಯ (೧೯೪೧) ತೀರ್ಪಾದರೋ ಆ ದೇಶದಲ್ಲಿಯೇ ಆ ವೇಳೆಗೆ ಮರ್ಯಾದೆ ಕುಂದಿದ್ದುದು.

ಏಕಾಕಿಯಾಗಿ ನಿಂತ ಖನ್ನಾ ಅವರ ತೀರ್ಪಿನ ಬಲವಿರುವುದು ಅದರ ಮಿತಿಯಲ್ಲಿ. ರಾಷ್ಟ್ರಪತಿಗಳ ಆಜ್ಞೆಯನ್ನು ಅವರು ಅಲ್ಲಗಳೆಯಲಿಲ್ಲ. ಕಾನೂನಿನ ಆಧಾರವಿಲ್ಲದೆ ಯಾರ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿಯಕೂಡದೆಂಬ ನಿಯಮವು ರಾಜ್ಯಾಂಗಕ್ಕಿಂತ ಹಿಂದಿನದು, ಅದರ ದಾನವಲ್ಲ, ಎಂದಷ್ಟೇ ಹೇಳಿದರು. ಕೊರತೆಯೂ ಇಲ್ಲಿಯೇ ಉಂಟು. ಕಾನೂನೇ ಅನ್ಯಾಯದಿಂದ ಕಸಿದುಕೊಂಡರೆ ಗತಿಯೇನು? ಈ ತೀರ್ಪಿನಲ್ಲಿ ಅದಕ್ಕೆ ಉತ್ತರ ದೊರೆಯದು. ಕಸಿಯುವ ಕ್ರಮವೂ ನ್ಯಾಯಯುತವಾಗಿರಬೇಕೆಂಬ ಮಾತು ೧೯೭೮ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ಬಂದಿತು. ಅದರ ಮುಖ್ಯ ತೀರ್ಪನ್ನು ಬರೆದವರು, ವಿಚಿತ್ರವೆಂಬಂತೆ, ೧೯೭೬ರ ಬಹುಮತದಲ್ಲಿದ್ದ ಭಗವತಿಯವರೇ.

೧೯೭೭ರಲ್ಲಿ ಖನ್ನಾ ಅವರನ್ನು ಬಿಟ್ಟು ಅವರಿಗಿಂತ ಕಿರಿಯರಾದ ಬೇಗ್ ಅವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ನೇಮಿಸಲು, ಖನ್ನಾ ಅವರು ರಾಜೀನಾಮೆಯಿತ್ತರು. ೨೦, ೨೧ನೆಯ ವಿಧಿಗಳ ರಕ್ಷಣೆಯನ್ನು ಇಂತಹ ಆಜ್ಞೆಯಿಂದ ತಡೆಯಲಾಗದಂತೆ ಮಾಡಿದುದು ನ್ಯಾಯಸ್ಥಾನವಲ್ಲ, ಪಾರ್ಲಿಮೆಂಟಿನ ೪೪ನೆಯ ತಿದ್ದುಪಡಿ (೧೯೭೮). ೧೯೭೬ರ ತೀರ್ಪು ಸ್ಪಷ್ಟವಾಗಿ ತಳ್ಳಿಹೋದುದು ೨೦೧೭ನೆಯ ಆಗಸ್ಟ್ ೨೪ರಂದು, ಕರ್ನಾಟಕದ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ಅಂದು ಹಾಗೆ ಬರೆದ ನ್ಯಾಯಮೂರ್ತಿ ಚಂದ್ರಚೂಡರ ತಂದೆಯವರು ೧೯೭೬ರ ನಾಲ್ವರಲ್ಲಿ ಒಬ್ಬರು.