ಕೈಪಿಡಿಯ ಎರಡನೇ ಪಟ್ಟಿ

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಬದಲಿಸಬೇಕಾಗಿಲ್ಲ, ಕಾರ್ಖಾನೆಯಲ್ಲಿ ತುಂಬಿದ್ದೇ ಕೊನೆತನಕ ಸಾಕು ಎಂಬ ಮಾತಿಗೆ ನಮ್ಮಲ್ಲಿ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು. ಷೋರೂಮಿನವರು ಹೇಳುತ್ತಾರೆ, ಸರ್ವೀಸ್ ಅಡ್ವೈಸರ್ ಹೇಳುತ್ತಾನೆ, ಬೈಲಹೊಂಗಲದ ಚಹಾದಂಗಡಿಯಲ್ಲಿ ಕೂತವರೂ ಹೇಳುತ್ತಾರೆ: "ಅದಕ್ಕ ಕೈ ಹಚ್ಚಬ್ಯಾಡ್ರಿ." ಹೀಗೆ ಹೇಳುವವರ ಮನೆಯಲ್ಲೇ ಟ್ರ್ಯಾಕ್ಟರ್ ಇರುತ್ತದೆ. ಅದರ ಗೇರು, ಹೈಡ್ರಾಲಿಕ್ಕು, ಎಣ್ಣೆಯಲ್ಲಿ ಮುಳುಗಿದ ಬ್ರೇಕು ಎಲ್ಲಕ್ಕೂ ಒಂದೇ ಆಯಿಲ್ ಇದ್ದು, ಮೀಟರಿನ ಗಂಟೆ ನೋಡಿ ಅದನ್ನು ತಪ್ಪದೆ ಬದಲಿಸುತ್ತಾರೆ. ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಎಣ್ಣೆ ಹಳಸುವುದೇ ಇಲ್ಲ ಎಂದು ನಂಬುತ್ತಾರೆ.

ಜಗಳ ಯಾವ ಗಾಡಿಗಳದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ ಇದರಲ್ಲಿ ಸೇರುವುದಿಲ್ಲ. ಅದರೊಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವಷ್ಟೇ ಯಂತ್ರದ ಪಾಲಿಗೆ ಹೋಗಿದೆ. ಸಿವಿಟಿ, ಡಿಸಿಟಿ ಎಂಬ ಬೇರೆ ಬಗೆಯ ಆಟೊಮ್ಯಾಟಿಕ್‌ಗಳಿಗೆ ಅವುಗಳದೇ ಆಯಿಲ್, ಅವುಗಳದೇ ಲೆಕ್ಕ. ನಾನು ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್ ಇರುವ ಇನೋವಾ ಕ್ರಿಸ್ಟಾ, ಫಾರ್ಚೂನರ್, ಡೀಸೆಲ್ ಕ್ರೆಟಾದಂಥವುಗಳ ಬಗ್ಗೆ. ಅಲ್ಲಿ ಆಯಿಲ್ ಬರೀ ಜಾರಿಸುವ ಎಣ್ಣೆಯಲ್ಲ. ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವುದು, ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು, ಬಿಸಿ ಹೊತ್ತು ಹೊರಹಾಕುವುದು ಎಲ್ಲವೂ ಅದೇ.

ಎದುರು ಪಕ್ಷಕ್ಕೆ ಸಲ್ಲಬೇಕಾದ್ದು ಸಲ್ಲಲಿ. ಇಂದಿನ ಸಿಂಥೆಟಿಕ್ ಆಯಿಲ್ ಹಳೆಯದಕ್ಕಿಂತ ಎಷ್ಟೋ ಮೇಲು. 1970ರ ದಶಕದ ಆರಂಭದವರೆಗೆ ಅಮೆರಿಕದಲ್ಲಿ ಈ ಆಯಿಲ್‌ಗೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು ಎಂಬುದನ್ನು ನೆನೆದರೆ ಎಷ್ಟು ದೂರ ಬಂದಿದ್ದೇವೆ ಎಂದು ತಿಳಿಯುತ್ತದೆ. ಕಿತ್ತೂರಿನಿಂದ ಬೆಳಗಾವಿಗೆ ಹೆದ್ದಾರಿ 48ರಲ್ಲಿ ದಿನಾ 80ರ ವೇಗದಲ್ಲಿ ಹೋಗಿಬರುವ ಗಾಡಿಯಲ್ಲಿ ಕನ್ವರ್ಟರ್ ಒಳಗೆ ಜಾರದಂತೆ ಲಾಕ್ ಆಗಿಯೇ ಇರುತ್ತದೆ, ಆಯಿಲ್ ಅಷ್ಟಾಗಿ ಕಾಯುವುದಿಲ್ಲ. ಅಂಥ ಗಾಡಿ ಏನೂ ಮಾಡದೆ ಲಕ್ಷ ಕಿಲೋಮೀಟರ್ ದಾಟಿದರೆ ನನಗೆ ಆಶ್ಚರ್ಯವಿಲ್ಲ. ಇಷ್ಟು ಒಪ್ಪಿದ್ದಾಯಿತು.

ಆದರೆ ಆಯಿಲ್ ಬದಲಿಸಬೇಕಿಲ್ಲ ಎಂದು ಬಿಎಂಡಬ್ಲ್ಯು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದರೂ, ಅದಕ್ಕೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್‌ಎಫ್ ಕಂಪನಿ 80,000ದಿಂದ 1,20,000 ಕಿಲೋಮೀಟರಿಗೆ ಅಥವಾ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಅದಕ್ಕೆ ಬೇಕಾದ ಕಿಟ್ಟನ್ನೂ ತಾನೇ ಮಾರುತ್ತದೆ. ಕಿಟ್ ಮಾರುವವನು ಹಾಗೆ ಹೇಳದೆ ಇನ್ನೇನು ಎಂದು ನೀವು ಕೇಳಬಹುದು. ಮೊದಲ ಕೆಲವು ವರ್ಷದ ಖರ್ಚು ಕಡಿಮೆ ತೋರಿಸಿ ಕಾರು ಮಾರುವವನಿಗೂ ಅದೇ ಪ್ರಶ್ನೆ ಕೇಳಿ.

ಇನ್ನು ಕೈಪಿಡಿ. ಹ್ಯುಂಡೈ, ಕಿಯಾ ಕೈಪಿಡಿಗಳ ಸರ್ವೀಸ್ ಭಾಗದಲ್ಲಿ ಎರಡು ಪಟ್ಟಿಗಳಿವೆ. ಮೊದಲನೆಯದು ಸಾಮಾನ್ಯ ಬಳಕೆಗೆ. ಅಲ್ಲಿ ಈ ಆಯಿಲನ್ನು ನೋಡುವುದೂ ಬೇಡ, ಮುಟ್ಟುವುದೂ ಬೇಡ. ಹಾಳೆ ತಿರುವಿದರೆ ಕಠಿಣ ಬಳಕೆಯ ಪಟ್ಟಿ, ಅಲ್ಲಿ ಅದೇ ಆಯಿಲನ್ನು ಲಕ್ಷ ಕಿಲೋಮೀಟರ್ ಆಸುಪಾಸಿನಲ್ಲಿ ಬದಲಿಸಬೇಕು. ಕಠಿಣ ಎಂದರೇನು? ಅದಕ್ಕೂ ವಿವರಣೆ ಉಂಟು: 32 ಡಿಗ್ರಿಗಿಂತ ಹೆಚ್ಚಿನ ಬಿಸಿಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಓಡಾಟ ದಟ್ಟ ನಗರ ಸಂಚಾರದಲ್ಲೇ ಆಗುತ್ತಿದ್ದರೆ, ಧೂಳಿನ, ಕೆಟ್ಟ ರಸ್ತೆಗಳಲ್ಲಿ ಓಡಿಸಿದರೆ, ಏರು ಇಳಿಜಾರು ಇದ್ದರೆ, ಹೀಗೆ.

ಮೊದಲ ಷರತ್ತಿನಲ್ಲಿ ಬಿಸಿಲು ಮತ್ತು ನಗರ ಎರಡೂ ಕೂಡಿಯೇ ಬರಬೇಕು. ಸವದತ್ತಿಯವನಿಗೆ ಬಿಸಿಲಿಗೆ ಬರವಿಲ್ಲ, ಮಾರ್ಚಿನಿಂದ ಮೇ ಮುಗಿಯುವವರೆಗೆ 32 ಎಂಬುದು ಅವನಿಗೆ ತಂಪಿನ ಲೆಕ್ಕ. ನಗರ ಮಾತ್ರ ಇಲ್ಲ. ಷರತ್ತಿನ ಒಂದು ಕಾಲು ಅವನ ಅಂಗಳದಲ್ಲಿದೆ, ಇನ್ನೊಂದು ಬೆಂಗಳೂರಿನಲ್ಲಿದೆ. ಹಾಗಾಗಿ ಇದು ತನಗಲ್ಲ ಎಂದು ಹಾಳೆ ಮುಚ್ಚುತ್ತಾನೆ. ಆದರೆ ನಗರದ ಸಂಚಾರ ಆಯಿಲ್‌ಗೆ ಮಾಡುವ ಕೇಡಾದರೂ ಏನು? ವೇಗ ಇಳಿದಾಗ ಕನ್ವರ್ಟರಿನ ಲಾಕ್ ಬಿಡುತ್ತದೆ, ಒಳಗೆ ಆಯಿಲ್ ಜಾರುತ್ತದೆ, ಜಾರಿದ್ದೆಲ್ಲ ಬಿಸಿಯಾಗುತ್ತದೆ. ಅಷ್ಟೇ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ, ಓವರ್‌ಟೇಕಿಗೆ ಜಾಗವಿಲ್ಲದೆ ಹದಿನೈದು–ಇಪ್ಪತ್ತರ ವೇಗದಲ್ಲಿ ತೆವಳುವಾಗ ಆಗುವುದೂ ಅದೇ. ಭಾರತ ಹುಣ್ಣಿಮೆಯ ಹೊತ್ತಿಗೆ ಏಳು ಜನ, ಬುತ್ತಿಗಂಟು, ಏಸಿ ಎಲ್ಲ ಹೊತ್ತು ಎಲ್ಲಮ್ಮನ ಗುಡ್ಡ ಏರುವ ಇನೋವಾಕ್ಕೆ ಆಗುವುದು ಅದಕ್ಕಿಂತ ಹೆಚ್ಚು.

ಧೂಳಿನ ಷರತ್ತು ಇನ್ನೂ ವಿಚಿತ್ರ. ಗೇರ್‌ಬಾಕ್ಸ್ ಮುಚ್ಚಿದ ಪೆಟ್ಟಿಗೆ, ಧೂಳು ಒಳಹೊಕ್ಕು ಆಯಿಲ್ ಕೆಡಿಸುವ ಮಾತು ದೂರದ್ದು. ಮತ್ತೇಕೆ ಧೂಳಿನ ಹೆಸರು? ರಸ್ತೆ ಕೆಟ್ಟಲ್ಲಿ ವೇಗ ಇಳಿಯುತ್ತದೆ, ಪದೇ ಪದೇ ಗೇರ್ ಬದಲಾಗುತ್ತದೆ. ಮುಂದಿನ ಜಾಲರಿಗೆ ಧೂಳು, ಹೊಟ್ಟು ಅಂಟಿದರೆ ಬಿಸಿ ಹೊರಹೋಗದು. ಅಂದರೆ ನಗರ, ಧೂಳು, ಏರು ಎಂದು ಕೈಪಿಡಿ ಬೇರೆಬೇರೆಯಾಗಿ ಎಣಿಸುವುದೆಲ್ಲ ಒಂದೇ ಸಂಗತಿಯ ಸುತ್ತ ಸುತ್ತುತ್ತದೆ: ಕಡಿಮೆ ವೇಗ, ಹೆಚ್ಚು ಬಿಸಿ. ಅದನ್ನು ನೇರವಾಗಿ ಬರೆದಿದ್ದರೆ ರಾಮದುರ್ಗದ ರೈತನಿಗೂ ಎರಡನೇ ಪಟ್ಟಿ ತನ್ನದೇ ಎಂದು ತಿಳಿಯುತ್ತಿತ್ತು. ಸರ್ವೀಸ್ ಸೆಂಟರಿನ ಕಂಪ್ಯೂಟರಿನಲ್ಲೋ ಮೊದಲ ಪಟ್ಟಿಯದೇ ದರ್ಬಾರು.

ನನ್ನ ಸಿಟ್ಟು ಕಂಪನಿಗಳ ಮೇಲಷ್ಟೇ ಅಲ್ಲ, ನಮ್ಮ ಗ್ಯಾರೇಜಿನ ಪಂಡಿತರ ಮೇಲೂ ಇದೆ. "ಹಳೇ ಆಯಿಲ್ ತಗದ್ರ ಗೇರ್ ಸ್ಲಿಪ್ ಹೊಡೀತಾವ್ರಿ" ಎಂಬುದು ಅವರ ವೇದವಾಕ್ಯ. ಆಯಿಲ್ ಬದಲಿಸಲು ಬರುವವರು ಯಾರು? ಗೇರ್ ಬೀಳುವಾಗ ಗಾಡಿ ಜಗ್ಗತೊಡಗಿದ ಮೇಲೆ, ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಓಡಿ ಬರುವವರು. ಪ್ಲೇಟ್ ಆಗಲೇ ಸವೆದಿರುತ್ತದೆ. ಹೊಸ ಆಯಿಲ್ ಹಾಕಿದ ವಾರಕ್ಕೆ ಗಾಡಿ ಕೂತರೆ ಅಪವಾದ ಹೊಸ ಆಯಿಲ್‌ಗೆ. ಪುಣೆ, ಗೋವಾಗಳಿಂದ ಸೆಕೆಂಡ್ ಹ್ಯಾಂಡ್ ತಂದವರ ಪಾಡು ಹೆಚ್ಚಾಗಿ ಇದೇ. ಮೊದಲ ಯಜಮಾನ ಉಳಿಸಿದ ದುಡ್ಡನ್ನು ಎರಡನೆಯವನು ಗೇರ್‌ಬಾಕ್ಸ್ ಬಿಚ್ಚಿಸಿ ಕಟ್ಟುತ್ತಾನೆ.

ಈ ಪಂಡಿತರ ಮಾತಿನಲ್ಲಿ ಒಂದು ಎಳೆ ನಿಜವಿದೆ. ಯಂತ್ರ ಜೋಡಿಸಿ ಒತ್ತಡದಿಂದ ಫ್ಲಶ್ ಮಾಡಿದರೆ ಹಳೆಯ ಕೆಸರು ಎದ್ದು ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು. ಅದಕ್ಕೆ ಫ್ಲಶ್ ಬೇಡ; ಕೆಳಗಿನ ಬೋಲ್ಟ್ ಬಿಚ್ಚಿ ಬಂದಷ್ಟನ್ನು ಇಳಿಸಿ, ಅಷ್ಟೇ ಹೊಸದು ಹಾಕಬೇಕು. ಒಂದು ಸಲಕ್ಕೆ ಇಳಿಯುವುದು ಅರ್ಧದಷ್ಟೇ, ಉಳಿದದ್ದು ಕನ್ವರ್ಟರಿನಲ್ಲಿ ಕೂತಿರುತ್ತದೆ. ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಹೀಗೆ ಮೂರು ಸಲ ಮಾಡಿದರೆ ಹಳೆಯದು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. 60,000ಕ್ಕೆ ಶುರು ಮಾಡಿದರೆ ಹೆದರುವ ಕಾರಣವೇ ಇಲ್ಲ.

ಯೂಟ್ಯೂಬಿನ ಪಂಡಿತರು ಇನ್ನೊಂದು ತರಹ. ಕೆಂಪಗಿದ್ದರೆ ಸಾಕು, ಯಾವ ಡಬ್ಬಿಯಾದರೂ ನಡೆಯುತ್ತದೆ ಎನ್ನುತ್ತಾರೆ. ಕೆಂಪು ಬರೀ ಬಣ್ಣ, ಸೋರಿದಾಗ ಗುರುತು ಸಿಗಲೆಂದು ಹಾಕಿದ್ದು. ಟೊಯೊಟಾದ ಡಬ್ಲ್ಯುಎಸ್ ಆಯಿಲ್ ಬೇಡುವ ಗೇರ್‌ಬಾಕ್ಸಿಗೆ ಅದನ್ನೇ, ಅಥವಾ ಅದೇ ದರ್ಜೆಯದನ್ನೇ ಹಾಕಬೇಕು. ತಪ್ಪು ಆಯಿಲ್‌ಗಿಂತ ಹಳೆಯ ಆಯಿಲೇ ವಾಸಿ ಎಂದು ನಾನೂ ಹೇಳುತ್ತೇನೆ.

ಕೆಲಸ ಕೆಡುವುದು ಬಹುಪಾಲು ಮಟ್ಟ ನೋಡುವಾಗ. ಈ ಗಾಡಿಗಳಲ್ಲಿ ಹಲವಕ್ಕೆ ಡಿಪ್‌ಸ್ಟಿಕ್ ಇಲ್ಲ. ಗಾಡಿ ಸಮವಾಗಿ ನಿಂತಿರಬೇಕು, ಎಂಜಿನ್ ಚಾಲೂ ಇರಬೇಕು, ಟೊಯೊಟಾಗಳಲ್ಲಾದರೆ ಆಯಿಲ್ 40 ಡಿಗ್ರಿ ಆಸುಪಾಸಿನಲ್ಲಿರಬೇಕು. ಆಗ ಓವರ್‌ಫ್ಲೋ ಬೋಲ್ಟ್ ಬಿಚ್ಚಿದರೆ ಹೆಚ್ಚಾದದ್ದು ಸಣ್ಣ ಧಾರೆಯಾಗಿ ಹರಿದು ಹನಿಗೆ ಇಳಿಯುತ್ತದೆ, ಆ ಗಳಿಗೆಗೆ ಮುಚ್ಚಬೇಕು. ಬಿಸಿ ಹೆಚ್ಚಿದ್ದರೆ ಆಯಿಲ್ ಹಿಗ್ಗಿ ಹೆಚ್ಚು ಹರಿದುಹೋಗುತ್ತದೆ, ತಣಿದ ಮೇಲೆ ಒಳಗೆ ಕಡಿಮೆ ಬೀಳುತ್ತದೆ. ರಾಮದುರ್ಗದ ಮೇ ತಿಂಗಳ ಮಧ್ಯಾಹ್ನ ಹೊರಗಿನ ಗಾಳಿಯೇ 40ರ ಹತ್ತಿರ ಇರುತ್ತದೆ, ಓಡಿಸಿಕೊಂಡು ಬಂದ ಗಾಡಿಯ ಆಯಿಲ್ ಆ ಮಟ್ಟಕ್ಕೆ ಇಳಿಯುವುದೇ ಇಲ್ಲ. ಗಾಡಿಯನ್ನು ಹಿಂದಿನ ರಾತ್ರಿಯೇ ಬಿಟ್ಟು, ಬೆಳಗ್ಗೆ ಬಿಸಿಲೇರುವ ಮೊದಲು, ಸ್ಕ್ಯಾನರಿನಲ್ಲಿ ಡಿಗ್ರಿ ನೋಡಿಕೊಂಡು ಮಾಡಿಸಬೇಕು. "ಊಟ ಮುಗಿಸಿಕೊಂಡು ಬರ್ರಿ, ಅರ್ಧ ತಾಸಿನ್ಯಾಗ ಮಾಡಿ ಕೊಡ್ತೀನಿ" ಎನ್ನುವ ಗ್ಯಾರೇಜಿಗೆ ಎಂಜಿನ್ ಆಯಿಲ್ ಕೆಲಸ ಬೇಕಾದರೆ ಕೊಡಿ, ಇದನ್ನು ಕೊಡಬೇಡಿ.